ಟೈಪ್ 2 ರೇಡಿಯೊ ಬರ್ಸ್ಟ್‌ನಿಂದ ಆಘಾತ ತರಂಗದ ವೇಗ ಕಂಡುಹಿಡಿಯಲು ಯಾವ ಸಾಂದ್ರತೆ ಮಾದರಿ ಒಳ್ಳೆಯದು?

ಸೂರ್ಯನ ಸ್ಫೋಟದಿಂದ ಹೊರಟ ಆಘಾತ ತರಂಗ ದೂರ ಸಾಗುತ್ತಾ ಹೊಮ್ಮಿಸುವ, ಆವರ್ತನ ನಿಧಾನವಾಗಿ ಇಳಿಯುವ ರೇಡಿಯೊ ಸಂಕೇತವೇ ಟೈಪ್ 2 ಬರ್ಸ್ಟ್. ಸೂರ್ಯನಿಂದ ದೂರ ಹೋದಂತೆ ಪ್ಲಾಸ್ಮಾದ ಸಾಂದ್ರತೆ ಹೇಗೆ ಇಳಿಯುತ್ತದೆ ಎಂದು ಹೇಳುವುದು ಸಾಂದ್ರತೆ ಮಾದರಿ. ಭೂಮಿಯ ಕಡೆಯಿಂದ ಸೂರ್ಯನ ಅಲೆಗಳನ್ನು ಗಮನಿಸುವ ವಿಂಡ್ ನೌಕೆಯ ದತ್ತಾಂಶಕ್ಕೆ ಅಂಥ ಮಾದರಿ ಹುಡುಕುತ್ತಿದ್ದೀರಿ. ಸಂಶೋಧನೆಗೆ ಸೇರಿದ ಹೊಸದರಲ್ಲಿ ನನ್ನ ತಲೆ ತಿಂದದ್ದೂ ಇದೇ ಪ್ರಶ್ನೆ. ಮಾದರಿಯ ಮಾತು ಆಮೇಲೆ. ದತ್ತಾಂಶದಲ್ಲಿ ಕಾಣುತ್ತಿರುವ ಆವರ್ತನದ ಪಟ್ಟಿ ಯಾವುದು ಅಂತ ಮೊದಲು ಖಚಿತ ಮಾಡಿಕೊಳ್ಳಿ.

ನನ್ನ ಬರ್ಸ್ಟ್‌ನ ಪಟ್ಟಿ ಸುಮಾರು 800 ಕಿಲೋಹರ್ಟ್ಸ್‌ನಿಂದ 400ಕ್ಕೆ ನಿಧಾನವಾಗಿ ಇಳಿದಿತ್ತು. ಅದನ್ನೇ ಪ್ಲಾಸ್ಮಾ ಆವರ್ತನವೆಂದು, ಅಂದರೆ ಅಲ್ಲಿನ ಪ್ಲಾಸ್ಮಾ ಸಹಜವಾಗಿ ಕಂಪಿಸುವ ಆವರ್ತನವೆಂದು ತಿಳಿದು ವೇಗ ಲೆಕ್ಕಹಾಕಿದೆ. ನಿಜಕ್ಕೂ ಅದು ಎರಡನೇ ಹಾರ್ಮೋನಿಕ್, ಅಂದರೆ ಪ್ಲಾಸ್ಮಾ ಆವರ್ತನದ ದುಪ್ಪಟ್ಟು. ಆವರ್ತನ ಸಾಂದ್ರತೆಯ ವರ್ಗಮೂಲಕ್ಕೆ ಅನುಗುಣ; ಸಾಂದ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಸಿಯುತ್ತದೆ. ಹಾಗಾಗಿ ಆವರ್ತನವನ್ನು ಎರಡರಷ್ಟು ಹಿಡಿದರೆ ಸಾಂದ್ರತೆ ನಾಲ್ಕರಷ್ಟು, ದೂರ ಅರ್ಧ, ವೇಗವೂ ಅರ್ಧ. 500 ಕಿಲೋಹರ್ಟ್ಸ್ ಹೊಮ್ಮಿದ ಜಾಗ ಹತ್ತು ಸೌರತ್ರಿಜ್ಯದ ಆಸುಪಾಸಿನಲ್ಲಿದೆ ಎಂದುಕೊಂಡಿದ್ದೆ, ಅದು ಇಪ್ಪತ್ತರ ಹತ್ತಿರವಿತ್ತು. ನಾನು ಹೇಳಿದ ಹೊತ್ತಿಗಿಂತ ತುಂಬಾ ಮೊದಲೇ ತರಂಗ ವಿಂಡ್‌ಗೆ ಬಡಿದಿತ್ತು. ಆಗಲೂ ನಾನು ಮಾಡಿದ್ದೇನು? ಮಾದರಿ ಬದಲಿಸಿದೆ, ಮತ್ತೆ ಬದಲಿಸಿದೆ. ಪ್ರಬಂಧದ ಒಂದಿಡೀ ಅಧ್ಯಾಯ ಹೀಗೆ ಕೈಬಿಟ್ಟುಹೋಯಿತು.

ಮೂಲ ಆವರ್ತನದ, ಅಂದರೆ ಪ್ಲಾಸ್ಮಾ ಆವರ್ತನದ್ದೇ ಪಟ್ಟಿ 400ರಿಂದ 200ರ ನಡುವೆ ಮಂಕಾಗಿ ಇದ್ದೇ ಇತ್ತು. ಭೂಮಿಯ ಧ್ರುವಪ್ರಭೆಯ ಕಿಲೋಮೆಟ್ರಿಕ್ ವಿಕಿರಣ, ಅಂದರೆ ಧ್ರುವಪ್ರಭೆಯ ಪ್ರದೇಶದಿಂದ ಬರುವ ರೇಡಿಯೊ ಅಲೆಗಳು, ಗದ್ದಲವೆಬ್ಬಿಸುವುದೂ ಅಲ್ಲೇ. ಅದು ಬೇಡವೆಂದು ಆ ಭಾಗವನ್ನೇ ಕತ್ತರಿಸಿಬಿಟ್ಟಿದ್ದೆ. ಅದೇ ಹೊತ್ತಿನ ಸ್ಟೀರಿಯೊ ನೌಕೆಯ ದತ್ತಾಂಶ ತೆರೆದಾಗ ಎರಡು ಪಟ್ಟಿಯೂ ಸ್ಪಷ್ಟವಾಗಿದ್ದವು. ಆ ನೌಕೆ ಆಗ ಭೂಮಿಯಿಂದ ದೂರವಿತ್ತು.

ಆದ್ದರಿಂದ ಒಂದೇ ನೌಕೆಯನ್ನು ನಂಬಬೇಡಿ, ಅದು ವಿಂಡ್ ಆದರೂ ಸರಿ. 1994ರಿಂದ ದುಡಿಯುತ್ತಿರುವ ಆ ಉಪಕರಣದ ಮೇಲೆ ನನಗೆ ಅಪಾರ ಗೌರವ. ಆದರೂ ಅದಿರುವುದು ಭೂಮಿಯ ಕಡೆ. ಆವರ್ತನವನ್ನು ನೇರವಾಗಿ ಬರೆಯದೆ ಅದರ ವ್ಯುತ್ಕ್ರಮವನ್ನು ಕಾಲದ ಎದುರು ಬರೆಯಿರಿ. ವೇಗ ಹೆಚ್ಚೂಕಡಿಮೆ ಸ್ಥಿರವಾಗಿದ್ದರೆ ಎರಡು ಪಟ್ಟಿಯೂ ಸರಳರೇಖೆಗಳಾಗುತ್ತವೆ: ಮೂಲದ ಇಳಿಜಾರು ಹಾರ್ಮೋನಿಕ್‌ನದ್ದರ ಎರಡರಷ್ಟು, ಹಿಂದಕ್ಕೆ ಎಳೆದರೆ ಎರಡೂ ಸ್ಫೋಟ ಹೊರಟ ಕ್ಷಣದ ಬಳಿ ಕೂಡಬೇಕು. ಕೂಡದಿದ್ದರೆ ಯಾವ ಮಾದರಿಯೂ ನಿಮ್ಮನ್ನು ಕಾಪಾಡದು.

ಸೂರ್ಯನ ಸಮೀಪ ಹೋಗುವ ಸೋಲಾರ್ ಆರ್ಬಿಟರ್, ಪಾರ್ಕರ್ ನೌಕೆಗಳ ದತ್ತಾಂಶ ಸಿಕ್ಕರೆ ಖಂಡಿತ ಸೇರಿಸಿ. ಸೂರ್ಯನಿಂದ ಭೂಮಿಗೆ ಬೆಳಕು ಬರಲು 499 ಸೆಕೆಂಡು ಬೇಕು, ಸಮೀಪದ ನೌಕೆಗಳಿಗೆ ಅಷ್ಟು ಬೇಡ. ಸಮಯ ಸರಿಹೊಂದಿಸಿಯೇ ಹೋಲಿಸಿ. ಇಷ್ಟಾದ ಮೇಲೂ ಮಾದರಿಯ ಚಿಂತೆ ಉಳಿದರೆ, ವಿಂಡ್ ತನ್ನ ಬಳಿಯೇ ಅಳೆದ ಸಾಂದ್ರತೆಗೆ ಹೊಂದಿಸಿದ ಸರಳ ವಿಲೋಮವರ್ಗ ನಿಯಮದಿಂದ ಶುರುಮಾಡಿ.