“ಅಮ್ಮಾ, ಬಂದು ಕರ್ಕೊಂಡು ಹೋಗಿ” ಅಂತಾನೆ, ಏನು ಮಾಡಲಿ?

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ ಇನ್ನೂ ಹದಿನೆಂಟು ತುಂಬಿಲ್ಲ. ಪಿಯುಸಿ ಮುಗಿಸಿ, ಎನ್‌ಡಿಎ (ಸೇನಾ ಅಧಿಕಾರಿಗಳಾಗುವವರಿಗೆ ತರಬೇತಿ ಕೊಡುವ ಅಕಾಡೆಮಿ) ಪರೀಕ್ಷೆ, ಎಸ್‌ಎಸ್‌ಬಿ ಸಂದರ್ಶನ ಎರಡೂ ಮೊದಲ ಸಲಕ್ಕೇ ಪಾಸಾದ. ಜುಲೈನಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾಕ್ಕೆ ಬಿಟ್ಟು ಬಂದೆವು. ಏಳು ವಾರ ಆಯಿತು. ಭಾನುವಾರ ಐದು ನಿಮಿಷ ಫೋನ್ ಮಾಡುತ್ತಾನೆ. ಹೋದ ವಾರ ಅತ್ತುಬಿಟ್ಟ. “ನನ್ನ ಕೈಲಿ ಆಗಲ್ಲ, ಬಂದು ಕರ್ಕೊಂಡು ಹೋಗಿ” ಅಂದ. ನಮ್ಮನೆಯವರು ಫೋನ್ ಕಿತ್ತುಕೊಂಡು, “ಗಂಡು ಹುಡುಗ ಹೀಗೆ ಅಳ್ತಾರೇನೋ? ಬಿಟ್ಟು ಬಂದರೆ ಖರ್ಚೆಲ್ಲ ವಾಪಸ್ ಕಟ್ಟಬೇಕು, ಬಾಂಡಿಗೆ ಸಹಿ ಹಾಕಿದ್ದೀನಿ” ಅಂದರು. ಊರ ಬಸ್‌ಸ್ಟ್ಯಾಂಡಿನಲ್ಲಿ ಅವನ ಫ್ಲೆಕ್ಸ್ ಇನ್ನೂ ಇದೆ. ನನಗೆ ಮೂರು ದಿನದಿಂದ ಅನ್ನ ಇಳಿಯುತ್ತಿಲ್ಲ. ಹೋಗಿ ಕರೆದುಕೊಂಡು ಬರಲಾ?
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಮೊದಲು ಊಟ ಮಾಡಿ. ಆಮೇಲೆ ಇದನ್ನು ಓದಿ.

ನನ್ನ ಮಗನೂ ಅಲ್ಲೇ ಇದ್ದವನು. ಆರನೇ ವಾರವೋ ಏಳನೇ ವಾರವೋ ಇದೇ ಮಾತು ಹೇಳಿದ್ದ. ನಾನು ಬ್ಯಾಗು ತುಂಬಿಕೊಂಡು ಪುಣೆ ಬಸ್ಸಿಗೆ ಟಿಕೆಟ್ ಕೂಡ ಮಾಡಿಸಿದ್ದೆ. ನಮ್ಮ ಅತ್ತೆ, “ಇನ್ನೊಂದು ಭಾನುವಾರ ನೋಡೇ” ಅಂದರು. ಮುಂದಿನ ಭಾನುವಾರ ಅವನು ಫೋನ್ ಮಾಡಿ ಕೇಳಿದ್ದು ಏನು ಗೊತ್ತಾ? ನಮ್ಮ ನಾಯಿ ಮರಿ ಹಾಕಿತಾ ಅಂತ! ಹಿಂದಿನ ವಾರ ಅತ್ತಿದ್ದು ಅವನಿಗೆ ನೆನಪೇ ಇದ್ದಂತಿರಲಿಲ್ಲ, ನಾನು ಮಾತ್ರ ಏಳು ದಿನ ಸತ್ತು ಬದುಕಿದ್ದೆ. ಅವರು ವಾರವಿಡೀ ಹಲ್ಲು ಕಚ್ಚಿಕೊಂಡಿರುತ್ತಾರೆ, ಅಮ್ಮನ ದನಿ ಕೇಳಿದ ಕೂಡಲೇ ಕಟ್ಟೆ ಒಡೆಯುತ್ತದೆ. ನಿಮಗೆ ಕೇಳಿಸುವುದು ಆ ಐದು ನಿಮಿಷ ಮಾತ್ರ ಅಲ್ವಾ?

ಅಲ್ಲಿ ಏನು ನಡೆಯುತ್ತಿದೆ ಅಂತ ತಿಳಿದರೆ ಭಯ ಸ್ವಲ್ಪ ಇಳಿಯಬಹುದು. ಬೆಳಕು ಹರಿಯುವ ಮೊದಲೇ ಏಳಬೇಕು. ಪಿಟಿ, ಡ್ರಿಲ್, ಸೈಕಲ್ ಹತ್ತಿ ಕ್ಲಾಸಿಗೆ ಓಟ (ಅಲ್ಲಿ ಪಾಠವೂ ಇದೆ, ಮೂರು ವರ್ಷಕ್ಕೆ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದ ಡಿಗ್ರಿ), ಮಧ್ಯಾಹ್ನ ಆಟ, ರಾತ್ರಿ ಓದು. ಇದರ ನಡುವೆ ತಪ್ಪಿಗೆ ಶಿಕ್ಷೆ ಬೇರೆ, ಅವರ ಬಾಯಲ್ಲಿ ಅದಕ್ಕೆ ‘ರಗ್ಡಾ’. ಸೈನಿಕ ಶಾಲೆಯಿಂದಲೋ ಬೆಳಗಾವಿಯ ಮಿಲಿಟರಿ ಸ್ಕೂಲಿನಿಂದಲೋ ಬಂದ ಹುಡುಗರಿಗೆ ಹಾಸ್ಟೆಲ್ಲು, ಸೀಟಿ, ಸಾಲು ಎಲ್ಲ ಅಭ್ಯಾಸ. ನಿಮ್ಮವನಿಗೆ ಮೊನ್ನೆಯವರೆಗೂ ದೋಸೆ ಬಿಸಿಬಿಸಿಯಾಗಿ ತಟ್ಟೆಗೆ ಬಂದು ಬೀಳುತ್ತಿತ್ತು. ಅವನು ದುರ್ಬಲ ಅಂತಲ್ಲ, ಅವರು ಆರೇಳು ವರ್ಷದಲ್ಲಿ ಕಲಿತದ್ದನ್ನು ಇವನು ಎಂಟು ವಾರದಲ್ಲಿ ಕಲಿಯುತ್ತಿದ್ದಾನೆ.

ಒಟ್ಟು ಆರು ಟರ್ಮ್, ಮೂರು ವರ್ಷ. ಆಮೇಲೆ ಭೂಸೇನೆಗೆ ಹೋಗುವವರಿಗೆ ಡೆಹ್ರಾಡೂನಿನಲ್ಲಿ ಇನ್ನೊಂದು ವರ್ಷ. ಇದರಲ್ಲಿ ಮೊದಲ ಟರ್ಮ್‌ನಷ್ಟು ಇಕ್ಕಟ್ಟು ಬೇರೊಂದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಡ್ರಿಲ್ ಸ್ಕ್ವೇರ್ ಟೆಸ್ಟ್ ಅಂತ ಒಂದಿದೆ, ಅದು ಪಾಸಾಗುವ ತನಕ ಹೊರಗೆ ಬಿಡುವುದಿಲ್ಲ. ಪಾಸಾದರೆ ರಜೆಯ ದಿನ ಪುಣೆ ಸುತ್ತಿ ಬರಬಹುದು, ಅದಕ್ಕೆ ‘ಲಿಬರ್ಟಿ’ ಅಂತಾರೆ. ಆ ಒಂದು ದಿನ, ಒಂದು ಮಸಾಲೆ ದೋಸೆ, ಹುಡುಗರನ್ನು ಎಷ್ಟು ಬದಲಾಯಿಸುತ್ತದೆ ಅಂದರೆ ನೀವು ನಂಬಲ್ಲ.

ಹಾಗಾಗಿ ಕರೆದುಕೊಂಡು ಬರಬೇಡಿ. ಆದರೆ “ಬರಬೇಡ” ಅಂತಲೂ ಹೇಳಬೇಡಿ. “ಈ ಟರ್ಮ್ ಮುಗಿಸಿ ರಜೆಗೆ ಬಾ ಮಗಾ, ಆಗಲೂ ಬೇಡ ಅನಿಸಿದರೆ ಕೂತು ಮಾತಾಡೋಣ, ದುಡ್ಡಿನ ಚಿಂತೆ ನಿಂಗೆ ಬೇಡ” ಅನ್ನಿ. ಸುಮ್ನೆ ಬಾಯಿಮಾತಿಗೆ ಬೇಡ, ಮನಸ್ಸಿನಿಂದ ಹೇಳಿ. ನಿಮ್ಮ ಯಜಮಾನರು ಹೇಳಿದ ಬಾಂಡ್ ನಿಜವೇ, ತಾನಾಗಿ ಬಿಟ್ಟರೆ ತರಬೇತಿಯ ಖರ್ಚು ವಸೂಲಿ ಮಾಡುತ್ತಾರೆ. ಆದರೆ ಆ ಲೆಕ್ಕ ನೀವಿಬ್ಬರೂ ರಾತ್ರಿ ಕೂತು ಹಾಕಿಕೊಳ್ಳಿ, ಹದಿನೇಳರ ಹುಡುಗನ ತಲೆ ಮೇಲೆ ಇಡಬೇಡಿ. ‘ಗಂಡು ಹುಡುಗ ಅಳಬಾರದು’ ಅನ್ನೋದೂ ಬೇಡ. ಅದೇ ಅಕಾಡೆಮಿಗೆ 2022ರಲ್ಲಿ ಹುಡುಗಿಯರೂ ಸೇರಿದರು, 2025ರ ಮೇ ತಿಂಗಳಲ್ಲಿ 17 ಮಂದಿ ಮೂರು ವರ್ಷ ಮುಗಿಸಿ ಹೊರಬಂದರು. ಅಳು ಬಂದಾಗ ಅತ್ತವರೂ ಪಾಸಾಗುತ್ತಾರೆ. ಇನ್ನು ಆ ಫ್ಲೆಕ್ಸ್, ದಯವಿಟ್ಟು ಇಳಿಸಿಬಿಡಿ. ಅವನು ವಾಪಸ್ ಬರಲು ಹೆದರುತ್ತಿರುವುದು ನಿಮಗಲ್ಲ, ಆ ಬಸ್‌ಸ್ಟ್ಯಾಂಡಿಗೆ.

ಈಗ ಗಂಭೀರವಾದ ಒಂದು ವಿಷಯ. “ಹೇಗಿದ್ದೀಯಾ” ಅಂತ ಕೇಳಿದರೆ “ಚೆನ್ನಾಗಿದ್ದೀನಿ” ಅಂತಾನೆ, ಅದರಿಂದ ಏನೂ ಗೊತ್ತಾಗಲ್ಲ. “ಕಾಲು ಹೇಗಿದೆ? ಮೊಣಕಾಲ ಕೆಳಗೆ ಒಂದೇ ಜಾಗದಲ್ಲಿ ನೋವಿದೆಯಾ? ಮಲಗಿದಾಗಲೂ ನೋಯುತ್ತಾ?” ಅಂತ ಬಿಡಿಸಿ ಕೇಳಿ. ಓಡಿ ಓಡಿ ಮೂಳೆಯಲ್ಲಿ ಸಣ್ಣ ಬಿರುಕು ಬರುವುದು ಇಂಥ ತರಬೇತಿಯಲ್ಲಿ ಅಪರೂಪವೇನಲ್ಲ. ಹುಡುಗರು ಅದನ್ನು ಮುಚ್ಚಿಡುತ್ತಾರೆ. ಎಂಐ ರೂಮಿಗೆ (ಅಲ್ಲಿನ ಡಾಕ್ಟರ ಕೋಣೆ) ಹೋದರೆ ತರಬೇತಿ ತಪ್ಪುತ್ತದೆ, ಜಾಸ್ತಿ ದಿನ ತಪ್ಪಿದರೆ ರೆಲಿಗೇಷನ್, ಅಂದರೆ ಒಂದು ಟರ್ಮ್ ಹಿಂದೆ ಬೀಳುತ್ತೇನೆ ಅನ್ನುವ ಭಯ. ಆರು ತಿಂಗಳು ಹೋದರೆ ಹೋಗಲಿ, ಕಾಲು ಮುಖ್ಯ, ತೋರಿಸು ಅಂತ ನೀವೇ ಖಡಾಖಂಡಿತವಾಗಿ ಹೇಳಿ. ತರಬೇತಿಯಲ್ಲಿ ಪೆಟ್ಟಾಗಿ ಮನೆಗೆ ಕಳುಹಿಸಲ್ಪಟ್ಟ ಕೆಡೆಟ್‌ಗಳ ಪಾಡು ಎಷ್ಟು ಕಷ್ಟ ಅಂದರೆ, 2025ರಲ್ಲಿ ಸುಪ್ರೀಂ ಕೋರ್ಟೇ ತಾನಾಗಿ ಅದನ್ನು ಕೈಗೆತ್ತಿಕೊಳ್ಳಬೇಕಾಯಿತು. ಹಾಗೆಯೇ ಹೊಡೆತ, ಅವಮಾನ ಮಿತಿಮೀರಿದೆ ಅಂತ ಅವನ ಮಾತಿನಲ್ಲಿ ಅನಿಸಿದರೆ ಅವನ ಉಸ್ತುವಾರಿ ನೋಡುವ ಡಿವಿಷನಲ್ ಆಫೀಸರ್‌ಗೆ ನೇರವಾಗಿ ಫೋನ್ ಮಾಡಿ. ಊಟ ಸೇರುತ್ತಿಲ್ಲ, ನಿದ್ದೆ ಸಾಲದು ಅಂತೆಲ್ಲ ಅವರಿಗೆ ಫೋನ್ ಮಾಡಬೇಡಿ, ಇದಕ್ಕೆ ಮಾತ್ರ ಹಿಂಜರಿಯಬೇಡಿ.

ಇನ್ನೊಂದು, ಕಾಗದ ಬರೆಯಿರಿ. ಕನ್ನಡದಲ್ಲಿ, ಕೈಯಲ್ಲಿ. ಬುದ್ಧಿವಾದ ಬೇಡ, ಗೊರೂರು ಡ್ಯಾಂ ತುಂಬಿತಾ, ಎಮ್ಮೆ ಎಷ್ಟು ಹಾಲು ಕೊಡ್ತಿದೆ, ಅದನ್ನು ಬರೆಯಿರಿ. ನನ್ನ ಮಗ ನನ್ನ ಕಾಗದಗಳನ್ನು ಬಾತ್‌ರೂಮಿನಲ್ಲಿ ಕೂತು ಓದುತ್ತಿದ್ದನಂತೆ, ಒಬ್ಬನೇ ಇರಲು ಸಿಗುತ್ತಿದ್ದ ಜಾಗ ಅದೊಂದೇ.

ಪ್ರಶ್ನೆ: ಎನ್‌ಡಿಎಯಲ್ಲಿರುವ ಮಗನಿಗೆ ಚಕ್ಕುಲಿ, ಕೋಡುಬಳೆ ಕಳಿಸಬಹುದಾ? ತಿಂಗಳಿಗೆ ದುಡ್ಡು ಬೇಕಾಗುತ್ತಾ?
– ಶಿವಮೊಗ್ಗದಿಂದ ಒಬ್ಬರು

ಉತ್ತರ: ಪಾರ್ಸಲ್ ಬಿಡುತ್ತಾರಾ ಅಂತ ಅವನನ್ನೇ ಕೇಳಿ. ಬಿಟ್ಟರೆ ಒಬ್ಬನಿಗೆ ಸಾಕಾಗುವಷ್ಟು ಕಳಿಸಬೇಡಿ, ಅವನಿಗೆ ಒಂದೂ ಸಿಗಲ್ಲ. ದಪ್ಪ ಹತ್ತಿ ಕಾಲುಚೀಲ, ಬೊಬ್ಬೆಗೆ ಹಚ್ಚುವ ಪಟ್ಟಿ ಜೊತೆಗಿಡಿ. ಅಲ್ಲಿ ಊಟ, ವಸತಿ, ಬಟ್ಟೆ, ಓದು ಎಲ್ಲ ಸರ್ಕಾರದ್ದೇ. ಆದರೆ ಕೈಖರ್ಚಿಗೆ ಮನೆಯಿಂದಲೇ ಸ್ವಲ್ಪ ಕಳಿಸಬೇಕು. ತಿಂಗಳಿಗೆ 56,100 ರೂಪಾಯಿ ಸ್ಟೈಪೆಂಡ್ ಅಂತ ಕೇಳಿರುತ್ತೀರಲ್ಲ, ಅದು ಈಗಲ್ಲ, ಎನ್‌ಡಿಎ ಮುಗಿದ ಮೇಲಿನ ಕೊನೆಯ ಹಂತದ ತರಬೇತಿಯಲ್ಲಿ.

ಪ್ರಶ್ನೆ: ಮಗಳು ಚೆನ್ನೈನ ಒಟಿಎಯಲ್ಲಿ (ಸೇನಾ ಅಧಿಕಾರಿಗಳ ತರಬೇತಿ ಅಕಾಡೆಮಿ) ಇದ್ದಾಳೆ. ಓಟದ ಪರೀಕ್ಷೆಯಲ್ಲಿ ಹಿಂದೆ ಬಿದ್ದು ರೆಲಿಗೇಟ್ ಆಗಿದ್ದಾಳೆ. ನಾವು ತರಬೇತಿ ಮುಗಿದಾಗ ನಡೆಯುವ ಪರೇಡಿಗೆ ರೈಲು ಟಿಕೆಟ್ ಕೂಡ ಮಾಡಿಸಿದ್ದೆವು. ನೆಂಟರು “ಫೇಲಾ?” ಅಂತ ಕೇಳುತ್ತಾರೆ.
– ಒಬ್ಬ ತಂದೆ, ಧಾರವಾಡ

ಉತ್ತರ: ಫೇಲಾಗಿದ್ದರೆ ಮನೆಗೆ ಕಳಿಸುತ್ತಿದ್ದರು ಸರ್. 49 ವಾರದ ತರಬೇತಿ ಅವಳಿಗೆ ಇನ್ನಾರು ತಿಂಗಳು ಬೆಳೆಯಿತು, ಅಷ್ಟೇ. ನೆಂಟರಿಗೆ “ಮುಂದಿನ ಪರೇಡಿಗೆ ಬರ್ರಿ” ಅಂದುಬಿಡಿ. ಅವಳಿಗೆ ನಿಜವಾಗಿ ಕಷ್ಟ ಆಗುವುದು ಪರೇಡಿನ ದಿನ. ಜೊತೆಗೆ ಮಣ್ಣಿನಲ್ಲಿ ಉರುಳಾಡಿದ ಗೆಳತಿಯರ ಹೆಗಲಿಗೆ ಅಪ್ಪ ಅಮ್ಮ ನಕ್ಷತ್ರ ಹಾಕುತ್ತಾರೆ, ಇವಳು ಅವರಿಗೆ ಸೆಲ್ಯೂಟ್ ಹೊಡೆಯಬೇಕು. ಆದ್ದರಿಂದ ಆ ಟಿಕೆಟ್ ಕ್ಯಾನ್ಸಲ್ ಮಾಡಬೇಡಿ. ಅವತ್ತು ಸಿಗಲು ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ ಬನ್ನಿ. ಪೇಡಾ ಒಂದು ಕೆಜಿ ಜಾಸ್ತಿ ಒಯ್ಯಿರಿ, ಅವಳ ಹೊಸ ಬ್ಯಾಚಿನವರಿಗೂ ಬೇಕಲ್ವಾ.