ಹದಿನಾಲ್ಕು ಜನರ ಅಭಿಪ್ರಾಯ ಇದೆ, ನಿಮ್ಮದೆಲ್ಲಿ?

ಪ್ರಿಯ ಬರಹಗಾರರಿಗೆ ನಮಸ್ಕಾರ.

'ಲುಕಿಂಗ್: ನೋಡಿದವರು ಏನಂತಾರೆ?' ಅನ್ನುವ ನಿಮ್ಮ ಬರಹವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಲೂ ಮನಸ್ಸಿಲ್ಲ. ಅದಕ್ಕೇ ಎರಡು ಸಾಲಿನ ವಿಷಾದ ಪತ್ರ ಕಳಿಸದೆ, ಕೂತು ಇಷ್ಟುದ್ದ ಬರೆಯುತ್ತಿದ್ದೇನೆ. ಕೆಲವು ಮಾತು ಖಾರ ಅನಿಸಬಹುದು. ಬರಹ ಚೆನ್ನಾಗಿ ಆಗಲಿ ಅನ್ನುವ ಆಸೆಯಿಂದಲೇ ಹೇಳುತ್ತಿದ್ದೇನೆ.

ನೀವು ಮಾಡಿರುವ ಕೆಲಸ ಇಷ್ಟು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬದುಕುವ ಪ್ಯಾಟ್ರಿಕ್, ಡಾಮ್, ಅಗುಸ್ಟಿನ್ ಅನ್ನುವ ಮೂವರು ಗೇ ಸ್ನೇಹಿತರ ಕಥೆ ಇರುವ, ಅಮೆರಿಕದ ಎಚ್‌ಬಿಒ ಚಾನೆಲ್ಲಿನ 'ಲುಕಿಂಗ್' ಧಾರಾವಾಹಿ ನೋಡಿದ ಹದಿನಾಲ್ಕು ಜನರನ್ನು ಮಾತಾಡಿಸಿದ್ದೀರಿ. ಒಬ್ಬೊಬ್ಬರಿಗೆ ಒಂದೊಂದು ಪ್ಯಾರಾ ಕೊಟ್ಟಿದ್ದೀರಿ. ಕೆಲವರಿಗೆ ಬೋರಾಯಿತು. ಒಬ್ಬರಿಗೆ ಪ್ಯಾಟ್ರಿಕ್ ಮೇಲೆ ವಿಪರೀತ ಸಿಟ್ಟು. ಪ್ಯಾಟ್ರಿಕ್‌ನ ಪ್ರೀತಿಯ ವಿಷಯದಲ್ಲಿ ಐದು ಜನ ಕಟಿಂಗ್ ಶಾಪಿನ ರಿಚಿ ಕಡೆ, ನಾಲ್ವರು ಅವನ ಬಾಸ್ ಕೆವಿನ್ ಕಡೆ. ಒಬ್ಬರು 'ಇದೆಲ್ಲ ನಮ್ಮ ಸಂಸ್ಕೃತಿಗೆ ಆಗಿಬರಲ್ಲ' ಅಂದರು. ಕೊನೆಗೆ 'ಅಭಿಪ್ರಾಯಗಳು ಹಲವು, ತೀರ್ಮಾನ ಓದುಗರದ್ದು' ಅಂತ ಮುಗಿಸಿದ್ದೀರಿ.

ಓದಿ ಕೆಳಗಿಟ್ಟಾಗ ನನ್ನ ಕಣ್ಣಿಗೆ ಧಾರಾವಾಹಿಯೂ ಕಟ್ಟಲಿಲ್ಲ, ನೋಡಿದವರೂ ಕಟ್ಟಲಿಲ್ಲ. ಅಭಿಪ್ರಾಯ ಅನ್ನುವುದು ಯಾವುದೋ ಒಂದು ದೃಶ್ಯ ನೋಡಿ, ಯಾವುದೋ ಒಂದು ಜಾಗದಲ್ಲಿ ಕೂತವರ ಮನಸ್ಸಿನಲ್ಲಿ ಹುಟ್ಟುತ್ತದೆ. ನೀವು ದೃಶ್ಯವನ್ನೂ ಬಿಟ್ಟಿದ್ದೀರಿ, ಜಾಗವನ್ನೂ ಬಿಟ್ಟಿದ್ದೀರಿ. ಉಳಿದಿರುವುದು 'ಇಷ್ಟ ಆಯ್ತು', 'ಇಷ್ಟ ಆಗಲಿಲ್ಲ' ಎರಡೇ. ಅಷ್ಟನ್ನು ಓದಲು ಯಾರೂ ಪತ್ರಿಕೆ ತೆರೆಯುವುದಿಲ್ಲ, ಅಲ್ವಾ?

'ಬೋರು' ಅನ್ನುವ ಪದವನ್ನೇ ತಗೊಳ್ಳಿ. ನಿಮ್ಮ ಹದಿನಾಲ್ಕರಲ್ಲಿ ಆರು ಜನ ಅದನ್ನು ಹೇಳಿದ್ದಾರೆ. ಧಾರಾವಾಹಿ ಬಂದಾಗ ಅಮೆರಿಕದಲ್ಲೂ ಇದೇ ದೂರು ಕೇಳಿತ್ತು. ಗೇ ಪ್ರೇಕ್ಷಕರು, ಗೇ ವಿಮರ್ಶಕರೇ ಅದನ್ನು ಹೇಳಿದ್ದರು. ಏನೂ ನಡೆಯಲ್ಲ, ಬರೀ ಮಾತು, ಬರೀ ನಡಿಗೆ ಅಂತ. ಅದು ನಿಜವೂ ಹೌದು. ಮೊದಲ ಸೀಸನ್ನಿನ ಐದನೇ ಕಂತು ನೋಡಿ. ಆಂಡ್ರ್ಯೂ ಹೇ ನಿರ್ದೇಶಿಸಿದ್ದು. ಪ್ಯಾಟ್ರಿಕ್ ಆಫೀಸಿಗೆ ಚಕ್ಕರ್ ಹಾಕುತ್ತಾನೆ. ಅವನೂ ರಿಚಿಯೂ ದಿನವಿಡೀ ಊರು ಸುತ್ತುತ್ತಾರೆ. ತಾರಾಲಯಕ್ಕೆ ಹೋಗುತ್ತಾರೆ, ಭವಿಷ್ಯ ಹೇಳುವವಳ ಹತ್ತಿರ ಹೋಗುತ್ತಾರೆ, ಕಡಲಿನ ಕಡೆ ಹೋಗುತ್ತಾರೆ. ಕಂತಿನ ತುಂಬ ಅವರಿಬ್ಬರೇ. ಡಾಮ್ ಎಲ್ಲಿ, ಅಗುಸ್ಟಿನ್ ಎಲ್ಲಿ ಅಂತ ಹುಡುಕುವ ಹೊತ್ತಿಗೆ ದಿನ ಮುಗಿದಿರುತ್ತದೆ. ಒಬ್ಬರಿಗೆ ಇದು ಬೋರು. ಇನ್ನೊಬ್ಬರು ಇದನ್ನೇ ಇಡೀ ಧಾರಾವಾಹಿಯ ಜೀವ ಅನ್ನುತ್ತಾರೆ. ನಿಮ್ಮ ಆರು ಜನಕ್ಕೆ ಬೋರಾಗಿದ್ದು ಈ ಕಂತೋ, ಬೇರೆಯದೋ? ನೀವು ಕೇಳಿಲ್ಲ. ಸಂಸ್ಕೃತಿಯ ಮಾತಾಡಿದವರು ಎಷ್ಟು ನೋಡಿದ್ದರು ಅಂತಲೂ ಕೇಳಿಲ್ಲ.

ಈಗ ನಿಮ್ಮ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಒಂದೇ ಸಾಲಿಗೆ ಬರುತ್ತೇನೆ. ಒಂಬತ್ತನೆಯವರು ಹೇಳಿದ್ದು. ಆಗ ಅವರು ಪೀಜಿಯಲ್ಲಿದ್ದರು. ರೂಮಿನಲ್ಲಿ ಇನ್ನೂ ಇಬ್ಬರು ಮಲಗಿದ್ದರು. ಇಯರ್‌ಫೋನ್ ಹಾಕಿಕೊಂಡು, ಪರದೆಯ ಬೆಳಕು ಪೂರ್ತಿ ಇಳಿಸಿ, ಹೊದಿಕೆಯೊಳಗೆ ನೋಡಿದರು. 'ಎಲ್ಲರೂ ಬೋರು ಅಂದರು, ನನಗೆ ಅದೇ ಇಷ್ಟ ಆಯ್ತು' ಅಂದರು. ನೀವು ಇದನ್ನು ಬರೆದು ತಕ್ಷಣ ಹತ್ತನೆಯವರ ಕಡೆ ಹೊರಟುಬಿಟ್ಟಿರಿ!

ಸ್ವಲ್ಪ ನಿಲ್ಲಿ. ಆ ದಿನಗಳು ಯಾವುವು ಅಂತ ಯೋಚಿಸಿ. ದೆಹಲಿ ಹೈಕೋರ್ಟ್ 2009ರಲ್ಲಿ ಕೊಟ್ಟಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿ, ಸಲಿಂಗ ಸಂಬಂಧವನ್ನು ಅಪರಾಧ ಅನ್ನುವ 377ನೇ ಸೆಕ್ಷನ್ನಿಗೆ ಮತ್ತೆ ಜೀವ ಕೊಟ್ಟಿದ್ದು 2013ರ ಡಿಸೆಂಬರ್ 11ರಂದು. 'ಲುಕಿಂಗ್' ಶುರುವಾಗಿದ್ದು 2014ರ ಜನವರಿ 19ರಂದು. ನಡುವೆ ನಲವತ್ತು ದಿನವೂ ಇಲ್ಲ. ಆ ಸೆಕ್ಷನ್ ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಮುಟ್ಟಬಾರದು ಅಂತ ಕೋರ್ಟ್ ಹೇಳಲು 2018ರ ಸೆಪ್ಟೆಂಬರ್ 6ರ ತನಕ ಕಾಯಬೇಕಾಯಿತು. ಆ ಹುಡುಗ ಹೊದಿಕೆಯೊಳಗೆ ನೋಡುತ್ತಿದ್ದಾಗ ಕಾನೂನಿನ ಕಣ್ಣಲ್ಲಿ ಅವನ ಪ್ರೀತಿ ಅಪರಾಧ. ಪರದೆಯ ಮೇಲೆ ಮಾತ್ರ ಅವನಂಥವರೇ ಮೂವರು ಗಂಡಸರು ತಿಂಡಿ ತಿನ್ನುತ್ತಿದ್ದಾರೆ, ಬಾಡಿಗೆ ಬಗ್ಗೆ ಗೊಣಗುತ್ತಿದ್ದಾರೆ, ಸುಮ್ನೆ ಬೀದಿಯಲ್ಲಿ ನಡೆಯುತ್ತಿದ್ದಾರೆ. ಅವರಲ್ಲಿ ಯಾರೂ ಸಾಯುತ್ತಿಲ್ಲ, ಯಾರನ್ನೂ ಮನೆಯಿಂದ ಹೊರಗೆ ಹಾಕುತ್ತಿಲ್ಲ. ಅಷ್ಟು ಬೋರಾದ ಬದುಕು ಅವನಿಗೆ ಎಷ್ಟು ದೊಡ್ಡ ಆಸೆಯಾಗಿ ಕಂಡಿರಬೇಕು! ನಿಮ್ಮ ಬರಹ ಇಲ್ಲಿದೆ. ಉಳಿದ ಹದಿಮೂರು ಜನರಲ್ಲಿ ಹನ್ನೊಂದು ಜನರನ್ನು ತೆಗೆದುಹಾಕಿದರೂ ನಷ್ಟವಿಲ್ಲ.

ಆದರೆ ಅವರ ಪೀಜಿ ಇದ್ದ ಬಡಾವಣೆ, ಕೆಲಸ ಮಾಡುವ ಕಂಪನಿ, ಹುಟ್ಟಿದ ಊರು ಮೂರನ್ನೂ ಬರೆದಿದ್ದೀರಿ. ಹೆಸರು ಬದಲಿಸಿದ್ದೇನೆ ಅಂತ ಕೆಳಗೆ ಟಿಪ್ಪಣಿ ಹಾಕಿದ್ದೀರಿ. ಅದು ಸಾಲದು. ಈ ಮೂರು ಗೊತ್ತಾದರೆ ಆ ಊರಿನವರು ಹತ್ತು ನಿಮಿಷದಲ್ಲಿ ಅವರನ್ನು ಗುರುತು ಹಿಡಿಯುತ್ತಾರೆ. ನಂಬಿ ಮಾತಾಡಿದವರಿಗೆ ನಮ್ಮಿಂದ ತೊಂದರೆ ಆಗಬಾರದು. ಮೂರನ್ನೂ ಈಗಲೇ ಹೊಡೆದುಹಾಕಿ, ನಿಮ್ಮ ಹತ್ತಿರ ಇರುವ ಪ್ರತಿಯಲ್ಲೂ. ನಮಗೆ ಕಳಿಸುವ ಮುಂಚೆ ಇನ್ನೊಮ್ಮೆ ಅವರಿಗೆ ತೋರಿಸಿ ಒಪ್ಪಿಗೆ ತಗೊಳ್ಳಿ. ಈ ವಿಷಯದಲ್ಲಿ ನಾನು ಬಗ್ಗುವುದಿಲ್ಲ.

ಮುಂದಿನದು ನಿಮಗೆ ಗೊತ್ತಿಲ್ಲದೆ ಆದ ತಪ್ಪು. ಮೊದಲ ಓದಿನಲ್ಲಿ ನನ್ನ ಕಣ್ಣಿಗೂ ಬೀಳಲಿಲ್ಲ. ಎರಡನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: 'ಕೆವಿನ್ ಗೇಮ್ ಕಂಪನಿಯಲ್ಲಿ ಪ್ಯಾಟ್ರಿಕ್‌ನ ಬಾಸ್ ಆಗಿದ್ದಾರೆ. ರಿಚಿ ಕಟಿಂಗ್ ಶಾಪಿನಲ್ಲಿ ಕೆಲಸ ಮಾಡುತ್ತಾನೆ.' ಕೆವಿನ್‌ಗೆ ಬಹುವಚನ, ರಿಚಿಗೆ ಏಕವಚನ. ಬರಹದ ಉದ್ದಕ್ಕೂ ಹಾಗೆಯೇ ಇದೆ. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಸರ್ವನಾಮ. ಕನ್ನಡಕ್ಕೆ ತರುವಾಗ ಯಾರಿಗೆ ಯಾವುದು ಅಂತ ನಿಮ್ಮ ಕೈ ತಾನಾಗಿ ತೀರ್ಮಾನ ಮಾಡಿದೆ.

ಪ್ಯಾಟ್ರಿಕ್ ಮಾಡುವ ತಪ್ಪೂ ಇದೇ! ಅವನೂ ರಿಚಿಯೂ ಭೇಟಿ ಆಗುವುದು ಊರೊಳಗೆ ಓಡಾಡುವ 'ಮುನಿ' ರೈಲಿನಲ್ಲಿ. ರಿಚಿ ತಾನಾಗಿ ಮಾತಾಡಿಸುತ್ತಾನೆ. ಆಮೇಲೆ ಮೆಕ್ಸಿಕನ್ ಮೂಲದವನು ಅನ್ನುವ ಒಂದೇ ಕಾರಣಕ್ಕೆ ಪ್ಯಾಟ್ರಿಕ್ ಅವನ ದೇಹದ ಬಗ್ಗೆಯೂ ಏನೇನೋ ಊಹಿಸಿಕೊಂಡು ಬಂದಿರುತ್ತಾನೆ. ಅದು ಗೊತ್ತಾದಾಗ ರಿಚಿ ಎದ್ದು ಹೋಗುತ್ತಾನೆ. ಮುಂದೆ ಪ್ಯಾಟ್ರಿಕ್ ತನ್ನ ಸೋದರಿಯ ಮದುವೆಗೆ ಅವನನ್ನು ಕರೆಯುತ್ತಾನೆ. ಮನೆಯವರ ಮುಂದೆ ಇವನನ್ನು ನಿಲ್ಲಿಸುವುದು ಹೇಗೆ ಅನ್ನುವ ಆತಂಕ ದಾರಿಯುದ್ದಕ್ಕೂ ಅವನ ಮುಖದಲ್ಲಿ ಕಾಣುತ್ತದೆ. ರಿಚಿಗೆ ಅದು ಅರ್ಥವಾಗುತ್ತದೆ. ಜಗಳ ಆಗುತ್ತದೆ, ಅವನು ಮದುವೆಗೆ ಬರುವುದೇ ಇಲ್ಲ. ಅದೇ ಮದುವೆಯಲ್ಲಿ ಬಾಸ್ ಕೆವಿನ್ ಇರುತ್ತಾನೆ, ಅವನ ಬಗ್ಗೆ ಪ್ಯಾಟ್ರಿಕ್‌ಗೆ ಯಾವ ಮುಜುಗರವೂ ಇಲ್ಲ. ಪ್ಯಾಟ್ರಿಕ್ ಕೆಟ್ಟವನಲ್ಲ. ತಾನು ಹೀಗೆ ಯೋಚಿಸುತ್ತಿದ್ದೇನೆ ಅಂತ ಅವನಿಗೇ ಗೊತ್ತಿಲ್ಲ. ನಿಮ್ಮ ಐದು ಜನ ರಿಚಿ ಕಡೆ, ನಾಲ್ಕು ಜನ ಕೆವಿನ್ ಕಡೆ ನಿಂತಿದ್ದಾರಲ್ಲ, ಅದು ಇಬ್ಬರು ಚೆಂದದ ಹುಡುಗರಲ್ಲಿ ಯಾರು ಹಿತ ಅನ್ನುವ ಪ್ರಶ್ನೆ ಮಾತ್ರವಲ್ಲ. ಕೈಕೆಲಸ ಮಾಡುವವನಿಗೂ ಕಂಪನಿಯಲ್ಲಿ ಬಾಸ್ ಆದವನಿಗೂ ನಾವು ಕೊಡುವ ಮರ್ಯಾದೆಯ ಪ್ರಶ್ನೆಯೂ ಅದರೊಳಗಿದೆ. ಕನ್ನಡದಲ್ಲಿ ಬರೆಯುವವರಿಗೆ ಇದನ್ನು ತೋರಿಸಲು ಭಾಷೆಯೇ ಒಂದು ದಾರಿ ಕೊಟ್ಟಿದೆ. ಎಲ್ಲರಿಗೂ ಏಕವಚನ ಹಾಕಿ, ಇಲ್ಲ ಎಲ್ಲರಿಗೂ ಬಹುವಚನ ಹಾಕಿ. ಇನ್ನೂ ಧೈರ್ಯ ಇದ್ದರೆ, ನಿಮ್ಮ ಕೈ ಹೀಗೆ ಜಾರಿದ್ದನ್ನೇ ಒಂದು ಪ್ಯಾರಾ ಬರೆಯಿರಿ. ಅದನ್ನು ಓದಲು ನಾನು ಕಾಯುತ್ತೇನೆ.

'ಗೆಳೆಯ' ಅನ್ನುವ ಪದವೂ ನಿಮಗೆ ತೊಂದರೆ ಕೊಟ್ಟಿದೆ. 'ಪ್ಯಾಟ್ರಿಕ್‌ನ ಗೆಳೆಯ' ಅಂತ ಒಂದು ಕಡೆ ಡಾಮ್‌ಗೆ ಬರೆದಿದ್ದೀರಿ, ಮುಂದಿನ ಸಾಲಿನಲ್ಲೇ ರಿಚಿಗೆ ಬರೆದಿದ್ದೀರಿ. ಒಬ್ಬ ಸ್ನೇಹಿತ, ಇನ್ನೊಬ್ಬ ಪ್ರೀತಿಸುವವನು. ಧಾರಾವಾಹಿ ನೋಡದ ಓದುಗರು ಇಲ್ಲಿ ದಾರಿ ತಪ್ಪುತ್ತಾರೆ. 'ಇನಿಯ' ಪದ್ಯಕ್ಕೆ ಚೆನ್ನ, ಮನೆ ಬಾಡಿಗೆ ಹಂಚಿಕೊಳ್ಳುವ ಜೋಡಿಗೆ ಒಗ್ಗುವುದಿಲ್ಲ. ಒಟ್ಟಿಗೆ ಬದುಕುವ ಅಗುಸ್ಟಿನ್ ಮತ್ತು ಫ್ರಾಂಕ್‌ಗೆ 'ಸಂಗಾತಿ' ಸರಿ. ಪ್ಯಾಟ್ರಿಕ್ ಮತ್ತು ರಿಚಿಗೆ ಜನ ಆಡುವ ಮಾತನ್ನೇ ಹಾಕಿ, 'ಬಾಯ್‌ಫ್ರೆಂಡ್' ಅನ್ನಿ. ಡಾಮ್‌ಗೆ 'ಸ್ನೇಹಿತ' ಇರಲಿ.

'ಸಲಿಂಗಕಾಮಿ' ಪದವನ್ನು ಪುಟಪುಟದಲ್ಲೂ ಬಳಸಿದ್ದೀರಿ. ನಿಮ್ಮ ಉದ್ದೇಶ ಕೆಟ್ಟದ್ದಲ್ಲ, ಪತ್ರಿಕೆಗಳು ವರ್ಷಗಟ್ಟಲೆ ಅದನ್ನೇ ಬರೆದವು. ಆದರೆ ಆ ಪದ ಮನುಷ್ಯನನ್ನು ಹಾಸಿಗೆಯಿಂದ ಆಚೆ ಬರಲು ಬಿಡುವುದಿಲ್ಲ. ಡಾಮ್‌ಗೆ ನಲವತ್ತು ತುಂಬುತ್ತಿದೆ. ಇನ್ನೂ ಬೇರೆಯವರ ಹೋಟೆಲಿನಲ್ಲಿ ವೇಟರ್. ಸ್ವಂತದ್ದೊಂದು ಪೆರಿ ಪೆರಿ ಚಿಕನ್ ಹೋಟೆಲ್ ತೆರೆಯಬೇಕು, ದುಡ್ಡಿಲ್ಲ. ಈ ಚಿಂತೆಗೆ 'ಕಾಮಿ' ಅನ್ನುವುದು ಹೇಗೆ ಹೊಂದುತ್ತದೆ? ನೀವು ಮಾತಾಡಿಸಿದವರೇ ತಮ್ಮನ್ನು 'ಗೇ' ಅಂತ ಕರೆದುಕೊಂಡಿದ್ದಾರೆ. ಅವರ ಪದ ಇರಲಿ.

ಕೆಲವು ಸಣ್ಣ ತಿದ್ದುಪಡಿ. ಸೀಸನ್ ಮೂರಲ್ಲ, ಎರಡು: ಮೊದಲನೆಯದು ಎಂಟು ಕಂತು, ಎರಡನೆಯದು ಹತ್ತು. 2015ರ ಮಾರ್ಚ್‌ನಲ್ಲಿ ಎಚ್‌ಬಿಒ ನಿಲ್ಲಿಸಿತು, 2016ರಲ್ಲಿ ಒಂದು ಸಿನಿಮಾ ಮಾಡಿ ಕಥೆ ಮುಗಿಸಿತು. ಗೇ ಸ್ನೇಹಿತರ ಬಗ್ಗೆ ಟಿವಿಯಲ್ಲಿ ಬಂದ ಮೊದಲ ಧಾರಾವಾಹಿ ಇದು ಅನ್ನುವುದೂ ತಪ್ಪು. ಬ್ರಿಟನ್ನಿನ ಚಾನೆಲ್ 4ರಲ್ಲಿ 1999ರಲ್ಲೇ, ಮ್ಯಾಂಚೆಸ್ಟರ್‌ನ ಕೆನಾಲ್ ಸ್ಟ್ರೀಟ್ ಸುತ್ತ ನಡೆಯುವ ರಸೆಲ್ ಟಿ. ಡೇವೀಸ್ ಅವರ 'ಕ್ವೀರ್ ಆ್ಯಸ್ ಫೋಕ್' ಬಂದಿತ್ತು. ಅದರ ಅಮೆರಿಕನ್ ರೂಪ 2000ದಿಂದ 2005ರ ತನಕ ನಡೆಯಿತು. ಅದನ್ನು ನೋಡಿ ಬಂದವರಿಗೆ 'ಲುಕಿಂಗ್' ಸಪ್ಪೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನು 'ಕನ್ನಡದಲ್ಲಿ ಈ ವಸ್ತುವನ್ನು ಯಾರೂ ಮುಟ್ಟಿಲ್ಲ' ಅಂತ ಬರೆದಿದ್ದೀರಿ. ವಸುಧೇಂದ್ರ ಅವರ ಕಥಾಸಂಕಲನ 'ಮೋಹನಸ್ವಾಮಿ' ಬಂದಿದ್ದು 2013ರಲ್ಲಿ. ದಯವಿಟ್ಟು ಓದಿ.

'ಇದರಲ್ಲಿ ನಮ್ಮಂಥವರೇ ಇಲ್ಲ' ಅನ್ನುವ ದೂರನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದು ತೂಕದ ಮಾತು. ಮೂವರು ಮುಖ್ಯ ಪಾತ್ರಗಳಲ್ಲಿ ಕಪ್ಪು ಜನಾಂಗದವರು ಒಬ್ಬರೂ ಇಲ್ಲ. ಎಚ್‌ಐವಿ ಜೊತೆ ಬದುಕುವ ಎಡ್ಡಿ, ಅವನು ಕೆಲಸ ಮಾಡುವ ಟ್ರಾನ್ಸ್ ಮಕ್ಕಳ ಆಶ್ರಯ ತಾಣ, ಇವೆಲ್ಲ ಬಂದಿದ್ದು ಎರಡನೇ ಸೀಸನ್ನಿನಲ್ಲಿ. ಗಂಡು ಹೆಣ್ಣಿನ ಪ್ರೇಮದ ಕಥೆಗಳು ಸಾವಿರ ಇವೆ, ಒಂದು ಹಿಡಿಸದಿದ್ದರೆ ಜನ ಇನ್ನೊಂದಕ್ಕೆ ಹೋಗುತ್ತಾರೆ. ಇಂಥ ಕಥೆ ವರ್ಷಕ್ಕೊಂದು ಬಂದರೆ ಹೆಚ್ಚು. ಪ್ರತಿಯೊಬ್ಬರೂ ಅದರಲ್ಲಿ ತಮ್ಮ ಮುಖ ಹುಡುಕುತ್ತಾರೆ. ಸಿಗದಿದ್ದಾಗ ಆಗುವ ನೋವೇ ಸಿಟ್ಟಿನ ಅಭಿಪ್ರಾಯವಾಗಿ ಹೊರಬರುತ್ತದೆ. ನಿಮ್ಮ ಹನ್ನೊಂದನೆಯವರ ಸಿಟ್ಟಿನ ಹಿಂದೆ ಇಂಥದ್ದೇನೋ ಇದೆ ಅನಿಸುತ್ತದೆ. ಅವರನ್ನು ಬಿಡಬೇಡಿ.

ಡಾಮ್‌ನ ಸ್ನೇಹಿತೆ ಡೋರಿಸ್ ಬಗ್ಗೆ ಮಾತಾಡಿದ ಮೂರನೆಯವರನ್ನೂ ಇಟ್ಟುಕೊಳ್ಳಿ. ಸ್ನೇಹಿತರ ಕಥೆ ಅಂತ ಶುರು ಮಾಡಿ ನೀವು ಪೂರ್ತಿ ಪ್ರೇಮದ ಕಡೆ ವಾಲಿದ್ದೀರಿ. ಡಾಮ್‌ಗೂ ಡೋರಿಸ್‌ಗೂ ಮೊಡೆಸ್ಟೋ ಊರಿನ ಹೈಸ್ಕೂಲಿನಿಂದ ಸ್ನೇಹ. ಅವಳ ಅಪ್ಪ ಸತ್ತಾಗ ಡಾಮ್, ಪ್ಯಾಟ್ರಿಕ್ ಇಬ್ಬರೂ ಅವಳ ಜೊತೆ ಆ ಊರಿಗೆ ಹೋಗುತ್ತಾರೆ. ಬೇರೆಯವರ ದುಃಖದ ಮನೆಯಲ್ಲಿ ಸುಮ್ಮನೆ ಪಕ್ಕದಲ್ಲಿ ನಿಲ್ಲುವುದು ಹೇಗಿರುತ್ತದೆ ಅಂತ ಆ ಕಂತು ತೋರಿಸುತ್ತದೆ. ನನಗೆ ಇಡೀ ಧಾರಾವಾಹಿಯಲ್ಲಿ ಅತಿ ಇಷ್ಟವಾದ ಕಂತು ಅದೇ.

ಕೊನೆಗೆ ನಿಮ್ಮ ವಿಷಯ. ಇಷ್ಟು ಜನರನ್ನು ಹುಡುಕಿ ಹೋಗಿ ಮಾತಾಡಿಸಿದವರಿಗೆ ಈ ಧಾರಾವಾಹಿ ಮನಸ್ಸಿಗೆ ತಟ್ಟಿಯೇ ಇರುತ್ತದೆ. ಆದರೂ 'ನನಗೆ ಹೀಗನಿಸಿತು' ಅನ್ನುವ ಸಾಲು ಎಲ್ಲೂ ಇಲ್ಲ. ನೀವು ಯಾರು, ಯಾರನ್ನು ಪ್ರೀತಿಸುತ್ತೀರಿ ಅಂತ ನಾನು ಕೇಳುತ್ತಿಲ್ಲ. ಅದು ನಿಮ್ಮ ಸ್ವಂತದ್ದು, ಅದನ್ನು ಬರೆಯುವ ಅಗತ್ಯವೇ ಇಲ್ಲ. ಯಾವ ದೃಶ್ಯದಲ್ಲಿ ಗಂಟಲು ಕಟ್ಟಿತು, ಯಾವುದನ್ನು ತಿರುಗಿಸಿ ಇನ್ನೊಮ್ಮೆ ನೋಡಿದಿರಿ, ಅಷ್ಟು ಹೇಳಿ ಸಾಕು. ಮೂವರು ನೋಡಿದವರು, ಮೂರು ದೃಶ್ಯ, ಜೊತೆಗೆ ನೀವು. ಎಂಟುನೂರು ಪದದಲ್ಲಿ ಮುಗಿಯುತ್ತದೆ. ಮುಂದಿನ ತಿಂಗಳ ಹತ್ತನೇ ತಾರೀಕಿನೊಳಗೆ ಕಳಿಸಿದರೆ ನಾನೇ ಓದುತ್ತೇನೆ.

ಒಂಬತ್ತನೆಯವರ ಹತ್ತಿರ ಮತ್ತೆ ಮಾತಾಡುವಾಗ ಒಂದು ಪ್ರಶ್ನೆ ಕೇಳಿ. ಮೊದಲ ಸೀಸನ್ನಿನ ಕೊನೆಯಲ್ಲಿ ರಿಚಿ ಬಂದು, ನೀನು ಇನ್ನೂ ಇದಕ್ಕೆ ತಯಾರಿಲ್ಲ ಅಂತ ಪ್ಯಾಟ್ರಿಕ್‌ಗೆ ಹೇಳಿ ಹೋಗುತ್ತಾನೆ. ಎರಡನೇ ಸೀಸನ್ನಿನ ಕೊನೆಯಲ್ಲಿ ಪ್ಯಾಟ್ರಿಕ್ ಕೆವಿನ್ ಜೊತೆಗಿನ ಮನೆ ಬಿಟ್ಟು ರಿಚಿಯ ಕಟಿಂಗ್ ಶಾಪಿಗೆ ಬಂದು ಕುರ್ಚಿಯಲ್ಲಿ ಕೂರುತ್ತಾನೆ. ರಿಚಿ ಈಗ ತಯಾರಾ ಅಂತ ಕೇಳುತ್ತಾನೆ, ಇವನು ಹೂಂ ಅನ್ನುತ್ತಾನೆ. ಆ ದೃಶ್ಯವನ್ನು ಅವರು ನೋಡಿದರಾ? ನೋಡಿದಾಗಲೂ ಹೊದಿಕೆಯೊಳಗೇ ಇದ್ದರಾ, ಅಷ್ಟೊತ್ತಿಗೆ ಬೇರೆ ಮನೆ ಮಾಡಿದ್ದರಾ? ಅವರು ಏನು ಹೇಳಿದರು ಅಂತ ನನಗೂ ತಿಳಿಸಿ.

ನಿಮ್ಮ,
ಸಂಪಾದಕ