ಪೈಯ 528ನೆಯ ಅಂಕಿಯಲ್ಲಿ ಆದದ್ದು

ಪ್ರಶ್ನೆ: ವಿಲಿಯಂ ಶ್ಯಾಂಕ್ಸ್ ಎಂಬವರು 1873ರಲ್ಲಿ ಪೈಯ 707 ದಶಮಾಂಶ ಸ್ಥಾನಗಳನ್ನು ಕೈಲೆಕ್ಕದಲ್ಲೇ ತೆಗೆದರು, ಆದರೆ ನಡುವೆ ತಪ್ಪಿದರು ಎಂದು ಓದಿದೆ. ಆ ತಪ್ಪು ಸುಮಾರು ಎಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲವೇಕೆ? ನಮ್ಮ ಶಾಲೆಯ ಗಣಿತ ಸಂಘದ ಮಕ್ಕಳಿಂದ ಅಂಥ ಲೆಕ್ಕ ಮಾಡಿಸಬಹುದೇ?
– ಗಣಿತ ಶಿಕ್ಷಕಿ, ಬ್ರಹ್ಮಾವರ

ಉತ್ತರ: ಧಾರಾಳವಾಗಿ ಮಾಡಿಸಿ, 10 ಸ್ಥಾನ ಸಾಕು. ಶ್ಯಾಂಕ್ಸ್ ಇಂಗ್ಲೆಂಡಿನ ಹೌಟನ್-ಲೆ-ಸ್ಪ್ರಿಂಗ್‌ನಲ್ಲಿ ವಸತಿಶಾಲೆ ನಡೆಸುತ್ತಿದ್ದವರು. ಅವರು ಹಿಡಿದದ್ದು ಇಂಗ್ಲಿಷ್ ಗಣಿತಜ್ಞ ಮೇಚಿನ್‌ರ 1706ರ ಸೂತ್ರ: ಪೈ = 16 ಆರ್ಕ್‌ಟ್ಯಾನ್(1/5) − 4 ಆರ್ಕ್‌ಟ್ಯಾನ್(1/239). ಆರ್ಕ್‌ಟ್ಯಾನ್(x) ಎಂದರೆ ಯಾವ ಕೋನದ ಟ್ಯಾನ್ ಬೆಲೆ x ಆಗಿದೆಯೋ ಆ ಕೋನ. ಅದನ್ನು ಎಣಿಸುವ ಶ್ರೇಣಿ (x − x³/3 + x⁵/5 − …) ನಮ್ಮದೇ ಕರಾವಳಿಯ ತೆಂಕಣ ತುದಿಯಲ್ಲಿ, ಕೇರಳದ ಗಣಿತಜ್ಞ ಮಾಧವನಿಗೆ ಯುರೋಪಿಗಿಂತ ಮೊದಲೇ ಗೊತ್ತಿತ್ತು. ಮಕ್ಕಳಿಗೆ ಇದನ್ನು ಹೇಳದೆ ಬಿಡಬೇಡಿ.

ಚೌಕ ಗೆರೆಯ ಹಾಳೆಯಲ್ಲಿ ಚೌಕಕ್ಕೊಂದು ಅಂಕಿ. ಮೊದಲ ಸಾಲು 0.2 (ಅಂದರೆ 1/5), ಅದನ್ನು 25ರಿಂದ ಭಾಗಿಸಿದರೆ 0.008, ಮತ್ತೆ ಭಾಗಿಸಿದರೆ 0.00032, ಹೀಗೆ ಆರು ಸಾಲು. ಪಕ್ಕದಲ್ಲಿ ಅವನ್ನೇ ಕ್ರಮವಾಗಿ 1, 3, 5, 7, 9, 11ರಿಂದ ಭಾಗಿಸಿ, ಒಂದನ್ನು ಕೂಡಿ ಮುಂದಿನದನ್ನು ಕಳೆಯುತ್ತ ಹೋಗಿ. ಬರುವುದು 0.1973955597. 1/239ಕ್ಕೆ ಎರಡೇ ಸಾಲು (ಇಲ್ಲಿ ಭಾಗಿಸುವುದು 57121ರಿಂದ): 0.0041840760. ಸೂತ್ರಕ್ಕೆ ಹಾಕಿದರೆ 3.1415926512. ನಿಜವಾದ ಬೆಲೆ 3.1415926536. ಕೊನೆಯ ಎರಡು ಅಂಕಿ ಕೆಟ್ಟದ್ದು ಅಜಾಗ್ರತೆಯಿಂದಲ್ಲ: ಪ್ರತಿ ಸಾಲನ್ನೂ ಹತ್ತಿರದ 10ನೆಯ ಸ್ಥಾನಕ್ಕೆ ದುಂಡುಮಾಡಿದಾಗ ಉಳಿದ ಚೂರು ವ್ಯತ್ಯಾಸವೂ ಏಳನೆಯ ಸಾಲನ್ನು ಬಿಟ್ಟದ್ದರ ಚೂರೂ 16 ಪಟ್ಟಾಗುತ್ತವೆ. ಆದ್ದರಿಂದ 1/5ಕ್ಕೆ ಏಳು ಸಾಲು ತೆಗೆದು 12 ಸ್ಥಾನದವರೆಗೆ ಲೆಕ್ಕ ಮಾಡಿ, 10 ಮಾತ್ರ ಬರೆದುಕೊಳ್ಳಿ.

ನಿಜವಾದ ಅಪಾಯ ಬೇರೆ. ಭಾಗಾಕಾರದ ಒಂದು ಸಾಲಿನಲ್ಲಿ ಅಂಕಿ ತಪ್ಪಿದರೆ ಕೆಳಗಿನ ಸಾಲುಗಳೆಲ್ಲ ಅದೇ ತಪ್ಪನ್ನು ಹೊತ್ತುಕೊಂಡು ಬರುತ್ತವೆ. 707 ಸ್ಥಾನಕ್ಕೆ 1/5ರ ಭಾಗಕ್ಕೇ ಸುಮಾರು 500 ಸಾಲು ಬೇಕು, ಒಂದೊಂದೂ ಏಳುನೂರು ಅಂಕಿಯಷ್ಟು ಅಗಲ. ಶ್ಯಾಂಕ್ಸರ 527 ಸ್ಥಾನ ಸರಿಯಾಗಿತ್ತೆಂಬುದೇ ದೊಡ್ಡ ಸಾಧನೆ.

ತಪ್ಪು ಕಾಣದ ಕಾರಣ ಸರಳ: ತಾಳೆ ನೋಡಲು ಅಷ್ಟು ದೂರ ಬೇರೆ ಯಾರೂ ಹೋಗಿರಲಿಲ್ಲ. ಮಧುರೈಯಲ್ಲಿ ಹುಟ್ಟಿದ ಗಣಿತಜ್ಞ ಡಿ ಮಾರ್ಗನ್ ಮಾತ್ರ, ಶ್ಯಾಂಕ್ಸರು ಅದಕ್ಕೂ ಮೊದಲೇ 1853ರಲ್ಲಿ ಪ್ರಕಟಿಸಿದ್ದ 608 ಅಂಕಿಗಳಲ್ಲಿ 7 ಬರೇ 44 ಸಲ ಬಂದಿದೆ, 61ರ ಆಸುಪಾಸು ಬರಬೇಕಿತ್ತಲ್ಲ ಎಂದು ಅಚ್ಚರಿಪಟ್ಟಿದ್ದರು. 1940ರ ದಶಕದಲ್ಲಿ ಫರ್ಗ್ಯುಸನ್ ಎಂಬವರು ಬೇರೆಯೇ ಸೂತ್ರದಿಂದ ಎಣಿಸಿದಾಗ 528ನೆಯ ಸ್ಥಾನದಿಂದ ಎರಡು ಲೆಕ್ಕವೂ ಬೇರೆ ಬೇರೆಯಾದವು.

ನಿಮ್ಮಲ್ಲೂ ಹಾಗೇ ಮಾಡಿ. ಒಂದು ಗುಂಪಿಗೆ ಮೇಚಿನ್ ಸೂತ್ರ, ಇನ್ನೊಂದಕ್ಕೆ ಪೈ = 8 ಆರ್ಕ್‌ಟ್ಯಾನ್(1/3) + 4 ಆರ್ಕ್‌ಟ್ಯಾನ್(1/7). ಇದಕ್ಕೆ 10 ಸ್ಥಾನಕ್ಕೆ 1/3ರ ಭಾಗದಲ್ಲಿ ಹನ್ನೊಂದು, 1/7ರ ಭಾಗದಲ್ಲಿ ಆರು ಸಾಲು ಬೇಕಾಗುತ್ತದೆ. ಕೊನೆಯವರೆಗೂ ಒಬ್ಬರ ಹಾಳೆ ಇನ್ನೊಬ್ಬರಿಗೆ ಕಾಣದಿರಲಿ.